ಪ್ರತಿಕ್ರಿಯೆ: ಗಣೇಶೋತ್ಸವದ ಮೂರು ರಾತ್ರಿಗೆ ಯಾವ ತಂಡ ಕರೆಸೋದು?

ಮೂರು ದಿನ ಆರ್ಕೆಸ್ಟ್ರಾ ಇಟ್ಟರೂ ಎರಡನೇ ರಾತ್ರಿಗೇ ಕುರ್ಚಿ ಖಾಲಿ ಅಂದಿರಲ್ಲ, ತಂಡ ಕೆಟ್ಟದ್ದಿರಲಿಕ್ಕಿಲ್ಲ. ಮೂರು ತಂಡದವರೂ ಅವವೇ ಹಿಟ್ ಹಾಡು ಹಾಡಿರಬೇಕು. ನಮ್ಮ ಬಡಾವಣೆಯಲ್ಲೂ ಹೀಗೇ ಆಗ್ತಿತ್ತು.

ಮೊದಲು ಕೊನೆಯ ರಾತ್ರಿಯ ಆರ್ಕೆಸ್ಟ್ರಾ ಪಕ್ಕಾ ಮಾಡಿ, ಅರ್ಧ ದುಡ್ಡು ಅದಕ್ಕೇ ಹೋದರೂ ಸರಿ. ಉಳಿದೆರಡು ದಿನ ಬೇರೆ ಬಗೆ ಇರಲಿ: ಒಂದು ಜಾನಪದ, ಒಂದು ಭಾವಗೀತೆ. ಭಾವಗೀತೆಗೆ ನಿಮ್ಮಲ್ಲಿ ಜನ ಕೂರ್ತಾರೆ ಅಂತ ಖಾತ್ರಿ ಕೊಡಲಾರೆ, ಅದನ್ನು ಮೊದಲ ದಿನಕ್ಕೇ ಹಾಕಿ. ಪೂಜೆಗೆ ಬಂದವರಾದರೂ ಇರ್ತಾರೆ.

ತಂಡದವರು ಕಳಿಸೋ ರೀಲ್ಸ್ ನಂಬಬೇಡಿ. ಮೊಬೈಲಲ್ಲಿ ತೆಗೆದ, ಎಡಿಟ್ ಆಗದ ಒಂದು ಪೂರ್ತಿ ಹಾಡಿನ ವಿಡಿಯೋ ತರಿಸಿಕೊಂಡು ನೋಡಿ. ಡ್ರಮ್ಮರ್ ಕೈ ನಿಲ್ಲಿಸಿದರೂ ತಾಳ ನಡೀತಾನೇ ಇದ್ದರೆ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸಂಗೀತ) ಹಾಕಿದ್ದಾರೆ ಅಂತಲೇ ಲೆಕ್ಕ. ಪೋಸ್ಟರಲ್ಲಿದ್ದ ಗಾಯಕಿ ಬರದೇ ಇರೋದಂತೂ ಮಾಮೂಲು! ಅಡ್ವಾನ್ಸ್ ಕೊಡೋ ಮುಂಚೆ ಯಾರ್ಯಾರು ಹಾಡ್ತಾರೆ, ಸೌಂಡ್ ಖರ್ಚು ಯಾರದು, ಮಳೆ ಬಂದರೆ ಹಣ ಎಷ್ಟು ವಾಪಸ್ ಅನ್ನೋದನ್ನ ಬರೆಸಿಕೊಳ್ಳಿ.

ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿಷೇಧ ಇದೆ. ವಿಶೇಷ ಸಡಿಲಿಕೆ ಇದ್ದರೂ 12ರವರೆಗಷ್ಟೇ. ಹಾಗಾಗಿ 7ಕ್ಕೇ ಶುರು ಅಂತ ತಂಡಕ್ಕೆ ಈಗಲೇ ಹೇಳಿ. ಠಾಣೆಯ ಅನುಮತಿ ಕೈಗೆ ಬರೋ ತನಕ ಪೂರ್ತಿ ಹಣ ಬೇಡ.