ಸಿನಿಮಾ ಫೈಟರ್ ಕೆಲಸ ಅಷ್ಟು ಅಪಾಯದ್ದಾ? ಈಗ ಎಲ್ಲಾ ಗ್ರಾಫಿಕ್ಸ್ ಅಲ್ವಾ? ನನ್ನ ತಮ್ಮ ಸೇರ್ತೀನಿ ಅಂತಿದ್ದಾನೆ

ಹನ್ನೊಂದು ವರ್ಷ ಬೆಂಗಳೂರಲ್ಲಿ ಫೈಟರ್ ಆಗಿದ್ದೆ. ಎಡಗೈ ಭುಜದಿಂದ ಮೇಲಕ್ಕೆ ಏಳದಂತಾದ ಮೇಲೆ ಬಿಟ್ಟೆ.

ಗ್ರಾಫಿಕ್ಸ್‌ನವರು ಅಳಿಸುವುದು ರೋಪನ್ನು, ಅದಕ್ಕೆ ನೇತಾಡುವವನನ್ನಲ್ಲ. ಹೀರೋ ಒದ್ದ ಕೂಡಲೇ ಫೈಟರ್ ಹಿಂದಕ್ಕೆ ಹಾರಿ ಗೋಡೆಗೆ ಬಡಿಯುತ್ತಾನಲ್ಲ, ಅವನ ಅಂಗಿಯೊಳಗೆ ಬೆಲ್ಟ್ ಇರುತ್ತದೆ. ಬೆನ್ನಿಂದ ಹೊರಟ ರೋಪ್ ಕ್ರೇನಿನ ರಾಟೆ ಹಾದು ಆಚೆ ಇಳಿಯುತ್ತದೆ. ಆ ತುದಿಯನ್ನು ನಮ್ಮವರೇ ನಾಲ್ಕೈದು ಜನ ಹಿಡಿದು ನಿಂತಿರುತ್ತಾರೆ. ಫೈಟ್ ಮಾಸ್ಟರ್ ಕೂಗಿದೊಡನೆ ಎಳೆದುಕೊಂಡು ಓಡಬೇಕು. ಅರ್ಧ ಸೆಕೆಂಡು ಮುಂಚೆ ಎಳೆದರೆ ಏಟು ಬೀಳುವ ಮೊದಲೇ ಹಾರಿದ ಹಾಗಾಗುತ್ತದೆ, ಥಿಯೇಟರಲ್ಲಿ ಜನ ನಗುತ್ತಾರೆ. ಬಿಡುವುದು ತಡವಾದರೆ ನನ್ನ ಭುಜದ ಗತಿ. ಅವತ್ತು ಬೆಳಕು ಹೋಗುತ್ತಿತ್ತು, 'ಇನ್ನೊಂದೇ ಶಾಟ್' ಅಂದರು. ರೋಪ್ ಹಿಡಿದವರು ಬೆಳಿಗ್ಗೆಯಿಂದ ಓಡಿ ಸುಸ್ತಾಗಿದ್ದರು. ಅವರನ್ನು ಬೈಯಲು ನನಗಂತೂ ಇವತ್ತಿಗೂ ಬಾಯಿ ಬರುವುದಿಲ್ಲ.

ತಲೆ ಮೇಲೆ ಒಡೆಯುವ ಬಾಟಲಿ ಗಾಜಿನದಲ್ಲ, ಮುರಿಯುವ ಮೇಜು ಗಟ್ಟಿ ಮರದ್ದಲ್ಲ. ನೆಲ ಮಾತ್ರ ನೆಲವೇ. 1982ರಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲೇ 'ಕೂಲಿ' ಶೂಟಿಂಗ್ ನಡೆಯುವಾಗ ಅಮಿತಾಭ್ ಬಚ್ಚನ್ ಸಾವಿನ ಬಾಗಿಲು ತಟ್ಟಿ ಬಂದರಲ್ಲ, ಅಲ್ಲಿ ಬೆಂಕಿಯೂ ಇರಲಿಲ್ಲ, ಎತ್ತರವೂ ಇರಲಿಲ್ಲ. ಹೊಟ್ಟೆಗೆ ತಾಗಿದ್ದು ಒಂದು ಮೇಜಿನ ಮೂಲೆ.

ಜನ ಕೇಳುವುದು 'ಅಷ್ಟು ಎತ್ತರದಿಂದ ಹಾರುವಾಗ ಭಯ ಆಗಲ್ವಾ' ಅಂತ. ಹಾರುವುದಕ್ಕೆ ಅಭ್ಯಾಸ ಇರುತ್ತದೆ. ನಾನು ಹೆದರುತ್ತಿದ್ದುದು ಹಾರಿದ ಮೇಲಿನ ಒಂದು ನಿಮಿಷಕ್ಕೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿ ಗುಡಿ' ಸಿನಿಮಾದ ಕ್ಲೈಮ್ಯಾಕ್ಸ್ ಶೂಟಿಂಗ್ ನಡೆದಿತ್ತು. ವಿಲನ್ ಪಾತ್ರದ ಅನಿಲ್, ಉದಯ್, ಹೀರೋ ದುನಿಯಾ ವಿಜಯ್ ಮೂವರೂ ಹೆಲಿಕಾಪ್ಟರಿನಿಂದ ಜಿಗಿದರು. ಜಿಗಿತ ಸರಿಯಾಗಿಯೇ ಆಯಿತು. ವಿಜಯ್ ದಡ ಸೇರಿದರು, ಉಳಿದಿಬ್ಬರು ಮುಳುಗಿದರು. ಅವರಿಬ್ಬರಿಗೆ ಲೈಫ್ ಜಾಕೆಟ್ ಇರಲಿಲ್ಲ, ಸಹಾಯ ಸಮಯಕ್ಕೆ ತಲುಪಲಿಲ್ಲ. ಮೂವತ್ತು ಅಡಿಯಿಂದ ಬಿದ್ದರೂ ನೀರು ಮುಟ್ಟುವಾಗ ಗಂಟೆಗೆ ಸುಮಾರು 48 ಕಿ.ಮೀ. ವೇಗ ಇರುತ್ತದೆ. ಎದೆಯ ಗಾಳಿಯೆಲ್ಲ ಹೊರಗೆ ಹೋಗುತ್ತದೆ, ಕಾಲಲ್ಲಿ ಶೂ, ಮೈಮೇಲೆ ಒದ್ದೆ ಪ್ಯಾಂಟು. ಈಜು ಬರುವವನೂ ಕೈಕಾಲು ಮರೆಯುತ್ತಾನೆ.

2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ ಆದದ್ದೂ ಅಷ್ಟೇ. ಕ್ರೇನ್, ಲೋಹದ ರೋಪ್ ಇಟ್ಟು ಫೈಟ್ ತೆಗೆಯುವಾಗ ಹೈಟೆನ್ಷನ್ ತಂತಿ ತಾಗಿ ಫೈಟರ್ ಒಬ್ಬರು ಹೋಗಿಬಿಟ್ಟರು. ಸ್ಟಂಟಿಗೂ ಅದಕ್ಕೂ ಏನು ಸಂಬಂಧ? ತಲೆ ಎತ್ತಿ ನೋಡುವವರು ಒಬ್ಬರು ಬೇಕಿತ್ತು.

ಅನುಭವ ಇದ್ದರೆ ಸಾಕು ಅನ್ನುವವರೂ ಇದ್ದಾರೆ. 2025ರ ಜುಲೈನಲ್ಲಿ ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ ರ್‍ಯಾಂಪ್ ಹತ್ತಿಸಿ ಕಾರು ಮಗುಚುವ ಶಾಟಿನಲ್ಲಿ ತೀರಿಕೊಂಡ ಎಸ್.ಎಂ. ರಾಜು ಆ ಕೆಲಸದಲ್ಲಿ ಪಳಗಿದವರು. ಅದಾದ ಮೇಲೆಯೇ ಅಕ್ಷಯ್ ಕುಮಾರ್ ಸುಮಾರು 650 ಸ್ಟಂಟ್ ಕಲಾವಿದರಿಗೆ ವಿಮೆ ಮಾಡಿಸಿದ ಸುದ್ದಿ ಎಲ್ಲ ಕಡೆ ಬಂತು. ಒಳ್ಳೆಯದೇ, ಆದರೆ ವಿಮೆ ಒಬ್ಬ ನಟನ ದೊಡ್ಡ ಮನಸ್ಸಿಗೆ ಕಾಯಬೇಕಾ? ನನ್ನ ಕಾಲದಲ್ಲಿ ಏಜೆಂಟರಿಗೆ 'ಫೈಟರ್' ಅಂದರೆ ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು.

ಇನ್ನು ನಿಮ್ಮ ತಮ್ಮನ ವಿಷಯ. ಬೇಡ ಅನ್ನಲಾರೆ, ನನ್ನಮ್ಮ ಬೇಡ ಅಂದಾಗ ನಾನೇನು ಕೇಳಿದ್ದೆನಾ? ಜಿಮ್‌ಗಿಂತ ಮೊದಲು ಪಲ್ಟಿ ಹೊಡೆದು ಬೀಳುವುದನ್ನು ಕಲಿಯಲಿ. ಬೆಲ್ಟಿನ ಗಂಟನ್ನು ಯಾರೇ ಹಾಕಿರಲಿ, ತಾನೇ ಎಳೆದು ನೋಡಲಿ. ಸೆಟ್ಟಿಗೆ ಹೋದ ಕೂಡಲೇ ಆಂಬುಲೆನ್ಸ್ ಎಲ್ಲಿದೆ ಅಂತ ಕೇಳಲಿ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ನೀರಿನ ಸೀನಿದ್ದರೆ 'ಈಜು ಬರುತ್ತಾ' ಅಂತ ಮ್ಯಾನೇಜರ್ ಕೇಳುತ್ತಾರೆ. ಅವಕಾಶ ತಪ್ಪೀತೆಂದು ನಾವೆಲ್ಲ 'ಸ್ವಲ್ಪ ಬರುತ್ತೆ ಸಾರ್' ಅಂದವರೇ. ಅದೊಂದು ಉತ್ತರ ಅವನು ಕೊಡದಂತೆ ನೋಡಿಕೊಳ್ಳಿ.