ಆ ಹಾಳೆ ಅಟ್ಟದಲ್ಲಿತ್ತಾ?

ನಮಸ್ಕಾರ. ನೀವು ಪೆರ್ಲದಿಂದ ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಅಜ್ಜಿ ತೀರಿಕೊಂಡದ್ದು, ಸೂತಕ ಕಳೆಯುವ ಮೊದಲೇ ನಿಮಗೆ ಮಗಳು ಹುಟ್ಟಿದ್ದು, ಬಾಣಂತನದ ನಡುವೆ ನೀವು ಬರೆಯಲು ಕೂತದ್ದು. ಭಾಷೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ, ಓದಿಸಿಕೊಂಡು ಹೋಗುತ್ತದೆ. ಆದರೂ ಈಗಲೇ ಹಾಕುವುದಿಲ್ಲ. ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು, ಅದರ ಮುಂದಿನದು ಸಿಟ್ಟು ಬರಿಸಿತು.

ನಿಲ್ಲಿಸಿದ್ದು ಇದು: ‘ಅಜ್ಜಿ ಮೊದಲೇ ಆರಿಸಿಟ್ಟಿದ್ದ ಅಡಿಕೆ ಹಾಳೆಯಲ್ಲಿ ಮಲಗಿಸಿ ಮಗುವನ್ನು ಮೀಯಿಸಿದರು.’ ಸಿಟ್ಟು ಬರಿಸಿದ್ದು: ‘ಸಾವು ಕೊನೆಯಲ್ಲ, ಅದು ಹೊಸ ಬದುಕಿನ ಮುನ್ನುಡಿ.’

ಮಾರಾಯ್ರೆ, ಎರಡನೆಯದನ್ನು ಯಾರ ಅಜ್ಜಿ ಸತ್ತರೂ ಬರೆಯಬಹುದು. ಮೊದಲನೆಯದು ನಿಮ್ಮೊಬ್ಬರದೇ, ಅದನ್ನು ಒಂದೇ ಸಾಲಿಗೆ ಬಿಟ್ಟುಬಿಟ್ಟಿರಿ. ಸೋಗೆ ಬಿದ್ದಾಗ ಅದರ ಬುಡದ ಹಾಳೆ ಅಗಲದ್ದು, ಸೀಳದ್ದು ನೋಡಿ ಆರಿಸಿದ್ದು ಅಲ್ವಾ? ತೋಟಕ್ಕಿಳಿದು ಬಗ್ಗುವಷ್ಟು ಶಕ್ತಿ ಅವರಿಗೆ ಆಗ ಇತ್ತಾ? ಹಾಳೆ ಎಲ್ಲಿತ್ತು, ಅಟ್ಟದಲ್ಲಾ? ಒಣಗಿ ಮುರುಟಿದ ಹಾಳೆ ನೀರಲ್ಲಿ ನೆನೆಯದೆ ಮೆತ್ತಗಾಗುವುದಿಲ್ಲ. ನೆನೆಹಾಕಿದ್ದು ಯಾರು? ಈಗಷ್ಟೇ ತಾಯಿಯನ್ನು ಕಳಕೊಂಡ ನಿಮ್ಮ ಅಮ್ಮನಾ? ಇಷ್ಟು ಬರೆದಿದ್ದರೆ ಮುನ್ನುಡಿ, ಕೊನೆ ಅಂತೆಲ್ಲ ಹೇಳುವ ಕೆಲಸವೇ ಇರಲಿಲ್ಲ.

ಕೆಳಗಿನ ಸಾಲುಗಳನ್ನೂ ನೋಡಿ. ‘ಅಜ್ಜಿ ಕಾಲಗರ್ಭದಲ್ಲಿ ಲೀನವಾದರು.’ ಮನೆಯಲ್ಲಿ ಹಾಗೆ ಯಾರು ಹೇಳಿದರು? ಫೋನಿನಲ್ಲಿ ‘ಅಜ್ಜಿ ಹೋದರು’ ಅಂತ ತಾನೇ ಹೇಳಿದ್ದು? ಅದನ್ನೇ ಇಡಿ. ‘ತಾವು ಚಿಂತಿಸಬೇಡಿ ಎಂದು ದಾದಿ ಸಾಂತ್ವನ ನುಡಿದಳು.’ ಕಾಸರಗೋಡಿನಲ್ಲಿ ಹೀಗೆ ಮಾತಾಡುವ ನರ್ಸ್ ನನಗೆ ಇದುವರೆಗೆ ಸಿಕ್ಕಿಲ್ಲ. ‘ಪೇಡಿಕ್ಕಂಡಾ’, ಹೆದರಬೇಡಿ, ಅಂದಿರುತ್ತಾರೆ. ಕನ್ನಡ ಬರಹ ಅಂತ ಆ ಮಲಯಾಳ ಮಾತನ್ನು ಅಳಿಸಬೇಡಿ, ಹೆದರಿದ್ದ ನಿಮಗೆ ಧೈರ್ಯ ಕೊಟ್ಟದ್ದು ಅದೇ ಮಾತು. ಸಪ್ತಭಾಷೆಗಳ ನೆಲ ಅಂತ ವೇದಿಕೆಯಲ್ಲಿ ಹೇಳುತ್ತೇವೆ, ಬರೆಯುವಾಗ ಒಂದೇ ಉಳಿಯುತ್ತದೆ. ಇದು ನನಗೆ ತುಂಬಾ ಬೇಸರ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಹಳೆಯ ಕಟ್ಟನ್ನು, ಬಿಟ್ಟು ಕವಿತೆ ಬರೆದರು. ನಾವು ಗದ್ಯದಲ್ಲಿ ಒಂದು ‘ಕಾಲಗರ್ಭ’ ಬಿಡಲು ಇಷ್ಟು ಹೆದರಬೇಕಾ?

ನಾನೂ ಇದೇ ತಪ್ಪು ಮಾಡಿದವನು. ಕುಂಬಳೆಯಲ್ಲಿ ಒಂದು ಸಣ್ಣ ಪತ್ರಿಕೆಗೆ ಕರಡು ತಿದ್ದಲು ಸೇರಿದ ವರ್ಷ ಅಪ್ಪ ತೀರಿಕೊಂಡರು. ನಾಲ್ಕು ಪುಟ ಬರೆದೆ, ಬರೀ ಶೂನ್ಯ, ಬರೀ ಕತ್ತಲೆ. ಸಂಪಾದಕರು ಓದಿ ಮಡಚಿಟ್ಟು, ‘ಆವತ್ತು ಮನೆಗೆ ಯಾರೆಲ್ಲ ಬಂದಿದ್ದರು?’ ಅಂತ ಮಾತ್ರ ಕೇಳಿದರು. ಹೇಳುತ್ತಾ ಹೋದಂತೆ ನೆನಪಾಯಿತು. ಅಂಗಳದಲ್ಲಿ ಅಡಿಕೆ ಹರಡಿತ್ತು. ಒಣಗಿ ಚಾಲಿ ಅಡಿಕೆಯಾಗಲು ಸುಮಾರು 40 ದಿನ ಬಿಸಿಲು ಬೇಕು, ನೆನೆದರೆ ಬೂಷ್ಟು. ಅಕಾಲದಲ್ಲಿ ಮಳೆ ಹನಿಯಿತು, ನಾವೆಲ್ಲ ಒಳಗೆ ಅಪ್ಪನ ಸುತ್ತ ಕೂತಿದ್ದೆವು. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರಿನ ಜಗಳದಲ್ಲಿ ವರ್ಷಗಟ್ಟಲೆ ಅಪ್ಪನ ಹತ್ತಿರ ಮಾತು ಬಿಟ್ಟಿದ್ದ ನೆರೆಮನೆಯವರು ಬಂದು, ಯಾರಿಗೂ ಏನೂ ಹೇಳದೆ, ಅಡಿಕೆಯನ್ನು ರಾಶಿ ಮಾಡಿ, ಟಾರ್ಪಾಲು ಹೊದೆಸಿ, ಅಂಚಿಗೆ ಕಲ್ಲಿಟ್ಟು, ಒದ್ದೆ ಮೈಯಲ್ಲಿ ಜಗಲಿಯ ತುದಿಗೆ ಸುಮ್ನೆ ನಿಂತಿದ್ದರು. ನನ್ನ ನಾಲ್ಕು ಪುಟದಲ್ಲಿ ಅವರು ಇರಲಿಲ್ಲ. ಅದು ಬರೆಯುವಂಥ ಸಂಗತಿ ಅಂತಲೇ ಅನಿಸಿರಲಿಲ್ಲ. ಆ ಟಾರ್ಪಾಲಿನ ಬಗ್ಗೆ ಬರೆಯಲು ಕೂತಾಗಲೇ ನನಗೆ ಅಳು ಬಂದದ್ದು, ಅಲ್ಲಿಯವರೆಗೆ ಬಂದಿರಲಿಲ್ಲ. ಬರೆದು ಮುಗಿಸಿ ಅವರ ಮನೆಗೆ ಹೋಗಿ ಮಾತಾಡಿಸಿದೆ.

ನಿಮ್ಮ ಎರಡನೇ, ಮೂರನೇ ಪುಟ ತೆಗೆದುಹಾಕಿ. ಹಾಳೆಯಿಂದ ಶುರು ಮಾಡಿ. ಅವಸರ ಇಲ್ಲ, ಮಗು ಮಲಗಿದಾಗ ಬರೆಯಿರಿ. ಮತ್ತೆ, ಆ ಹಾಳೆಯನ್ನು ಆಮೇಲೆ ಏನು ಮಾಡಿದಿರಿ ಅಂತ ಎಲ್ಲೂ ಬರೆದಿಲ್ಲ. ಎತ್ತಿಟ್ಟಿದ್ದೀರಾ, ತೋಟಕ್ಕೆ ಹಾಕಿದಿರಾ? ಅದನ್ನೂ ಬರೆದು ಕಳಿಸಿ.