ಚಿಕ್ಕ ಮಕ್ಕಳ ಜೊತೆ ಮನೆಯಲ್ಲೇ ಈಸ್ಟರ್ ಹೇಗೆ ಮಾಡುವುದು?

ನೀವು ಕೇಳಿದ್ದು ಇಷ್ಟು: ಕೆಲಸದ ಮೇಲೆ ಹೋದ ವರ್ಷವಷ್ಟೇ ಕಾರವಾರಕ್ಕೆ ಬಂದಿದ್ದೀರಿ. ಮಕ್ಕಳಿಗೆ 3 ಮತ್ತು 6 ವರ್ಷ. ಈ ಸಲ ಅಜ್ಜಿ ಮನೆಗೆ ಹೋಗಲು ಆಗುವುದಿಲ್ಲ. ಕ್ರಾಫ್ಟ್ ಕಿಟ್ ಎಲ್ಲ ತರಿಸದೆ, ಮನೆಯಲ್ಲಿ ಇರುವುದರಲ್ಲೇ ಈಸ್ಟರ್ ಮಾಡುವುದು ಹೇಗೆ?

ನನಗೂ ಇಬ್ಬರು ಮಕ್ಕಳು. ದೊಡ್ಡವಳಿಗೆ 8, ಚಿಕ್ಕವನಿಗೆ 5. ನಾವು ಇಲ್ಲಿಯವರೇ, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ನಾಲ್ಕೈದು ವರ್ಷದಿಂದ ಮಾಡಿ, ಅದರಲ್ಲಿ ಅರ್ಧ ಕೆಡಿಸಿ, ಉಳಿದದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಎಲ್ಲವನ್ನೂ ಆ ಭಾನುವಾರಕ್ಕೇ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಪೂಜೆ, ಆಮೇಲೆ ಅಡುಗೆ, ನಡುವೆ ನೆಂಟರ ಫೋನು. ಅವತ್ತು ಅಂಟು, ಕತ್ತರಿ ಹಿಡಿದು ಕೂತರೆ ಮಕ್ಕಳಿಗಿಂತ ಮೊದಲು ನೀವೇ ಅಳುತ್ತೀರಿ. ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರವೇ ಶುರು ಮಾಡಿ. 3 ವರ್ಷದ ಮಗುವಿಗೆ ‘ಯೇಸು ಸತ್ತ ಮೂರನೇ ದಿನ ಎದ್ದು ಬಂದ’ ಅಂತ ಎಷ್ಟು ಹೇಳಿದರೂ ಅದು ಬರಿ ಮಾತು. ಒಂದು ವಾರ ದಿನಾ ಹೋಗಿ ನೋಡುವಂಥದ್ದು ಏನಾದರೂ ಮನೆಯಲ್ಲಿದ್ದರೆ ಅದರ ಲೆಕ್ಕವೇ ಬೇರೆ.

ಹಬ್ಬ ಪ್ರತಿ ವರ್ಷ ಯಾಕೆ ಜಾಗ ಬದಲಿಸುತ್ತದೆ ಅಂತ ದೊಡ್ಡದು ಕೇಳಿಯೇ ಕೇಳುತ್ತದೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಅದಕ್ಕೇ 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಹತ್ತು ಸೊನ್ನೆ ಬರೆದು ಕೊಡಿ. ದಿನಾ ಸಂಜೆ ಅಂಗಳಕ್ಕೆ ಹೋಗಿ ಚಂದ್ರ ಎಷ್ಟು ತುಂಬಿದ್ದಾನೋ ಅಷ್ಟು ಬಣ್ಣ ತುಂಬಲಿ. ಹುಣ್ಣಿಮೆ ಆ ವಾರದಲ್ಲೇ ಬೀಳುತ್ತದೆ. ಆಮೇಲೆ ಚಂದ್ರ ತಡವಾಗಿ ಏಳುತ್ತಾನೆ, ಅಷ್ಟು ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಅಲ್ಲಿಗೆ ಬಿಟ್ಟುಬಿಡಿ.

ಈಗ ನಮ್ಮ ಮನೆಯ ಮುಖ್ಯ ಕೆಲಸ, ಗೆರಟೆ ತೋಟ, ಅಂದರೆ ತೆಂಗಿನ ಚಿಪ್ಪಿನ ತೋಟ. ಯೇಸುವನ್ನು ಇಟ್ಟಿದ್ದ ಗವಿ, ಅದರ ಬಾಗಿಲಿಗೆ ಉರುಳಿಸಿದ್ದ ಕಲ್ಲು, ಸುತ್ತ ತೋಟ. ಇಷ್ಟೇ. ಒಂದು ಅಗಲವಾದ ಅಡಿಕೆ ಹಾಳೆಯ ತಟ್ಟೆ ತಗೊಳ್ಳಿ. ಹಾಳೆ ಒದ್ದೆಯಾಗಿ ನಾಲ್ಕನೇ ದಿನಕ್ಕೆ ಬೂಸ್ಟು ಬರುತ್ತದೆ, ಅದಕ್ಕೆ ಒಳಗೆ ಬಿಡಿಸಿದ ಹಾಲಿನ ಕವರ್ ಹಾಸಿ. ಮೇಲೆ ಎರಡು ಬೆರಳಷ್ಟು ಮಣ್ಣು. ತೆಂಗಿನಕಾಯಿಯ ಅರ್ಧ ಗೆರಟೆಯ ಅಂಚಿಗೆ ಕತ್ತಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಒಂದು ಚೂರು ಹಾರುತ್ತದೆ. ಆ ಸಂದೇ ಬಾಗಿಲು. ಈ ಕೆಲಸ ದೊಡ್ಡವರದ್ದು. ಗೆರಟೆಯನ್ನು ಮಣ್ಣಿನ ಮೇಲೆ ಬೋರಲು ಹಾಕಿ, ಬೆನ್ನಿಗೂ ಸ್ವಲ್ಪ ಮಣ್ಣು ಮೆತ್ತಿ. ಬಾಗಿಲು ಮುಚ್ಚುವಷ್ಟು ದೊಡ್ಡ ಉರುಟು ಕಲ್ಲನ್ನು ಮಕ್ಕಳೇ ಹುಡುಕಲಿ. ನಮ್ಮದು ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ತಂದ ಕಲ್ಲು. ಅದನ್ನು ಆರಿಸುವುದಕ್ಕೇ ಒಂದು ಸಂಜೆ ಹೋಯಿತು. ಮಗ ಆರಿಸಿದ ಮೊದಲನೆಯದು ಅವನ ತಲೆಗಿಂತ ದೊಡ್ಡದಿತ್ತು.

ಮಣ್ಣಿನ ಮೇಲೆ ರಾಗಿ ಚೆಲ್ಲಿ. ರಾತ್ರಿ ನೆನೆಸಿದ ರಾಗಿಯಾದರೆ ಬೇಗ ಬರುತ್ತದೆ. ಹೆಸರುಕಾಳು ಹಾಕಬೇಡಿ, ಅದು ಉದ್ದಕ್ಕೆ ಬೆಳೆದು ಗವಿಯ ಮೇಲೆ ಬಿದ್ದುಕೊಳ್ಳುತ್ತದೆ. ರಾಗಿ ಹುಲ್ಲಿನ ಹಾಗೆ ಸಣ್ಣಗೆ, ಒತ್ತಾಗಿ ಬರುತ್ತದೆ. ನೀರನ್ನು ಸುರಿಯಬಾರದು, ಕೈಯಿಂದ ಚಿಮುಕಿಸಬೇಕು. 3 ವರ್ಷದವರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಮೊದಲ ವರ್ಷ ನಮ್ಮ ತೋಟ ಎರಡೇ ದಿನದಲ್ಲಿ ಬೋಳಾಯಿತು. ನೋಡಿದರೆ ಇರುವೆ ಸಾಲು, ಒಂದೊಂದು ರಾಗಿ ಕಾಳು ಹೊತ್ತುಕೊಂಡು ಕಿಟಕಿ ದಾಟುತ್ತಿದೆ. ಆಮೇಲಿನಿಂದ ದೊಡ್ಡ ಪರಾತದಲ್ಲಿ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ತಟ್ಟೆ ಇಡುತ್ತೇವೆ.

ಬುಧವಾರದ ಹೊತ್ತಿಗೆ ಬಿಳಿ ಮೊಳಕೆ, ಶುಕ್ರವಾರಕ್ಕೆ ಹಸಿರು. ಶುಭ ಶುಕ್ರವಾರ ಮಧ್ಯಾಹ್ನ ಮಕ್ಕಳೇ ಹಳೆ ಪಂಚೆಯ ಬಿಳಿ ಚೂರನ್ನು ಮಡಿಸಿ ಗವಿಯೊಳಗೆ ಇಟ್ಟು ಕಲ್ಲು ಮುಚ್ಚುತ್ತಾರೆ. ಪೊರಕೆ ಕಡ್ಡಿಯ ಮೂರು ಶಿಲುಬೆ, ದಾರ ಕಟ್ಟಿದ್ದು, ಗೆರಟೆಯ ಹಿಂದೆ ನಿಲ್ಲುತ್ತದೆ. ಭಾನುವಾರ ಬೆಳಿಗ್ಗೆ ಅವರು ಏಳುವ ಮೊದಲು ನೀವು ಎದ್ದು ಕಲ್ಲು ಸರಿಸಿಡಿ, ಬಟ್ಟೆ ಬಾಗಿಲಲ್ಲಿ ಕಾಣಲಿ. ಅಷ್ಟೇ. ಏನೂ ವಿವರಿಸಲು ಹೋಗಬೇಡಿ. ಅವರೇ ಬಂದು ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ನಮ್ಮ ಚಿಕ್ಕವನು ಆ ವಾರ ಪೂರ್ತಿ ರಾತ್ರಿಯಾದರೆ ಕಲ್ಲು ಮುಚ್ಚುವುದು, ಬೆಳಿಗ್ಗೆ ತೆಗೆಯುವುದು, ಅಂಗಡಿಯ ಶಟರ್ ಹಾಗೆ ಮಾಡುತ್ತಿದ್ದ.

ಗರಿಗಳ ವಿಚಾರ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಕೊಟ್ಟ ಗರಿಯಲ್ಲಿ ಪೀಪಿ, ಗಿಳಿ ಮಾಡಲು ಬಿಡಬೇಡಿ. ಅದನ್ನು ಶಿಲುಬೆಗೆ ಸಿಕ್ಕಿಸಿಡುತ್ತಾರೆ. ಹೀಗೆ ಉಳಿದ ಹಳೆ ಗರಿಯನ್ನು ಸುಟ್ಟೇ ಮುಂದಿನ ಬೂದಿ ಬುಧವಾರದ ಬೂದಿ ಮಾಡುವುದು. ಆಟಕ್ಕೆ ಬೇರೆ ತೆಂಗಿನ ಗರಿ ತನ್ನಿ. ಇಲ್ಲಿ ಅದಕ್ಕೇನು ಬರಗಾಲ, ಅಲ್ವಾ? ಎಲೆಯ ನಡುವಿನ ಕಡ್ಡಿ ತೆಗೆದ ಎರಡು ಪಟ್ಟಿ ಸಾಕು, ಒಂದು ಗೇಣುದ್ದ, ಇನ್ನೊಂದು ಅದರ ಅರ್ಧ. ಅಡ್ಡ ಇಟ್ಟು ಮೂರನೇ ತೆಳು ಪಟ್ಟಿಯಿಂದ ಓರೆಯಾಗಿ ಸುತ್ತಿ ಕಟ್ಟಿದರೆ ಶಿಲುಬೆ. ಅವತ್ತೇ ಮಾಡಿ, ಒಣಗಿದರೆ ಮಡಿಸಿದಲ್ಲೇ ಸೀಳುತ್ತದೆ.

ಮೊಟ್ಟೆ ಬಣ್ಣಕ್ಕೆ ಅಂಗಡಿಯ ಪುಡಿ ಬೇಡವೇ ಬೇಡ. ಬಿಳಿ ಫಾರಂ ಮೊಟ್ಟೆ ತನ್ನಿ, ನಾಟಿ ಮೊಟ್ಟೆಯ ಮೇಲೆ ತಿಳಿ ಬಣ್ಣ ಕಾಣುವುದಿಲ್ಲ. ಎಲ್ಲಕ್ಕಿಂತ ಚೆಂದ ಬರುವುದು ಈರುಳ್ಳಿ ಸಿಪ್ಪೆಯಲ್ಲಿ. ಸಂತೆಯಲ್ಲಿ ಈರುಳ್ಳಿ ಮಾರುವವರ ಚೀಲದ ತಳದಲ್ಲಿ ಬೇಕಾದಷ್ಟು ಇರುತ್ತದೆ, ಕೇಳಿದರೆ ನಕ್ಕು ಸುಮ್ನೆ ಕೊಡುತ್ತಾರೆ. ಮೂರು ಹಿಡಿ ಸಿಪ್ಪೆ, ಮೊಟ್ಟೆ ಮುಳುಗುವಷ್ಟು ನೀರು, 20 ನಿಮಿಷ ಕುದಿಸಿ. ಎರಡು ಚಮಚ ವಿನೆಗರ್ ಹಾಕಿ. ಹಂದಿ ಮಾಂಸದ ಸೊರ್ಪೊತೆಲ್‌ಗೆ ಅಂತ ತಂದಿಟ್ಟದ್ದೇ ಆದೀತು. ಇದರಲ್ಲೇ ಮೊಟ್ಟೆಯನ್ನು ಹತ್ತು ಹನ್ನೆರಡು ನಿಮಿಷ ಬೇಯಿಸಿ. ಇಟ್ಟಿಗೆ ಕೆಂಪು ಬರುತ್ತದೆ. ಅದಕ್ಕೆ ಮೊದಲು ಒಂದು ಕೊತ್ತಂಬರಿ ಎಲೆಯನ್ನು ನೀರು ಸವರಿ ಮೊಟ್ಟೆಗೆ ಅಂಟಿಸಿ, ಹಳೆ ವೇಲ್‌ನ ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ. ಬೆಂದು ತಣಿದ ಮೇಲೆ ಗಂಟು ಬಿಚ್ಚುವ ಆ ಕ್ಷಣಕ್ಕೆ ನಾನೂ ಕಾಯುತ್ತೇನೆ. ಎಲೆ ಇದ್ದ ಜಾಗ ಬಿಳಿಯಾಗಿ, ನರ ನರ ಕಾಣುವ ಹಾಗೆ ಉಳಿದಿರುತ್ತದೆ.

ಅರಿಸಿನದಲ್ಲಿ ಹಳದಿ ಸುಲಭ, ಆದರೆ ಮಕ್ಕಳಿಗೆ ಹಳೆ ಅಂಗಿ ಹಾಕಿ. ಬೀಟ್‌ರೂಟ್ ಸುಮಾರು, ಒರೆಸಿದರೆ ಮಂಕಾಗುತ್ತದೆ. ವಿನೆಗರ್ ಜಾಸ್ತಿ ಹಾಕಿದರೆ ಬಣ್ಣ ಜಾಸ್ತಿ ಬರಬಹುದು ಅಂದುಕೊಂಡು ನಾನು ಒಮ್ಮೆ ಬರಿ ವಿನೆಗರಿನಲ್ಲೇ ಒಂದು ಮೊಟ್ಟೆ ಬಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ಚಿಪ್ಪೇ ಇಲ್ಲ! ಹುಳಿಗೆ ಚಿಪ್ಪಿನ ಸುಣ್ಣ ಕರಗಿ, ಒತ್ತಿದರೆ ಬಗ್ಗುವ ರಬ್ಬರ್ ಚೆಂಡಿನಂಥದ್ದು ಉಳಿದಿತ್ತು. ಮಕ್ಕಳಿಗೆ ಆ ವರ್ಷ ನೆನಪಿರುವುದು ಅದೊಂದೇ. ಬೇಕಾದರೆ ನೀವು ಬೇಕಂತಲೇ ಮಾಡಿ.

ಬಳಚು (ಚಿಪ್ಪುಮೀನು) ತಿನ್ನುವ ಮನೆಯಾದರೆ ಚಿಪ್ಪು ಎಸೆಯಬೇಡಿ. ಕುದಿಸಿ, ಉಜ್ಜಿ, ಎರಡು ದಿನ ಬಿಸಿಲಿಗೆ ಹಾಕಿ. ಕುದಿಸದೆ ಇಟ್ಟು ನಾನು ಮನೆಯೆಲ್ಲ ನಾರಿಸಿದ್ದೇನೆ. ಜೋಡಿ ಚಿಪ್ಪು ಅರ್ಧ ತೆರೆದ ಹಾಗೆ ಅಂಟಿಸಿ, ಒಳಗೆ ಅರಿಸಿನ ಹಚ್ಚಿದ ಹತ್ತಿ ಉಂಡೆ, ಕಣ್ಣಿಗೆ ಎರಡು ಸಾಸಿವೆ, ಕೊಕ್ಕಿಗೆ ಕೆಂಪು ಕಾಗದದ ಚೂರು. ಮೊಟ್ಟೆ ಒಡೆದು ಬರುವ ಕೋಳಿಮರಿ. ಸಾಸಿವೆ ಮೂಗಿಗೆ ಹೋಗದ ಹಾಗೆ ಕಣ್ಣಿಟ್ಟಿರಿ. ಮೊಲದ ಕಿವಿ, ಮೊಲದ ಮುಖವಾಡ ನಾನು ಮಾಡುವುದಿಲ್ಲ. ಅದು ಜರ್ಮನ್ ಮಾತಾಡುವ ಊರುಗಳ ಕಡೆಯಿಂದ ಬಂದ ಪದ್ಧತಿ, ಇಗರ್ಜಿಯದ್ದಲ್ಲ. ಕೋಳಿಮರಿಯಾದರೆ ನಮ್ಮ ಮಕ್ಕಳು ಹಿತ್ತಲಲ್ಲೇ ನೋಡಿದ್ದಾರೆ.

ಮೊಟ್ಟೆ ಹುಡುಕುವ ಆಟ ಬೆಳಿಗ್ಗೆ ಏಳಕ್ಕೆ ಮುಗಿಯಬೇಕು. ಇಲ್ಲಿನ ಏಪ್ರಿಲ್ ಬಿಸಿಲಿಗೆ ಚಾಕಲೇಟ್ ಕೈಗೆ ಸಿಗುವ ಮೊದಲೇ ಸಾರಾಗಿರುತ್ತದೆ. ಬೇಯಿಸಿದ ಮೊಟ್ಟೆಯನ್ನು ಈ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಟ್ಟರೆ ತಿನ್ನಬೇಡಿ. ಇನ್ನು ಕಾಗೆ. ನಾನು ದಾಸವಾಳದ ಬುಡದಲ್ಲಿಟ್ಟು ತಿರುಗುವಷ್ಟರಲ್ಲಿ ಎರಡು ಮೊಟ್ಟೆ ಮಾಯ. ಈಗ ಬಣ್ಣ ಬಳಿದ ಉರುಟು ಕಲ್ಲು ಅಡಗಿಸುತ್ತೇವೆ. ಕಲ್ಲು ತಂದುಕೊಟ್ಟರೆ ನಿಜವಾದ ಮೊಟ್ಟೆ.

ಶನಿವಾರ ರಾತ್ರಿಯ ಪೂಜೆಗೆ 3 ವರ್ಷದ ಮಗುವನ್ನು ಎಳೆದೊಯ್ಯಬೇಡಿ, ಅದು ಉದ್ದ. ಶುರುವಿಗೆ ಕತ್ತಲೆಯಲ್ಲಿ ಹೊಸ ಬೆಂಕಿ ಹೊತ್ತಿಸಿ ದೊಡ್ಡ ಪಾಸ್ಕ (ಈಸ್ಟರ್) ಮೇಣದಬತ್ತಿ ಬೆಳಗಿಸುವುದನ್ನು ದೊಡ್ಡದಕ್ಕೆ ಒಮ್ಮೆ ತೋರಿಸಿ. ಆ ಬತ್ತಿಯ ಮೇಲೆ ಆ ವರ್ಷದ ನಾಲ್ಕು ಅಂಕೆ ಇರುತ್ತದೆ. ಮನೆಯ ಮೇಣದಬತ್ತಿಗೂ ಮಗಳು ಅಂಕೆ ಅಂಟಿಸುತ್ತಾಳೆ, ಕೆಲವೊಮ್ಮೆ ತಲೆಕೆಳಗಾಗಿ.

ಕೊನೆಯದು ಮಾರ್ಜಿಪಾನ್ ಮೊಟ್ಟೆ. ಗೋವಾ ಕಡೆಯವರ ಹಾಗೆ ಬಾದಾಮಿಯ ಬದಲು ಗೇರುಬೀಜ ಹಾಕುತ್ತೇವೆ. ಕೆಲವರು ಮೊಟ್ಟೆಯ ಬಿಳಿ ಸೇರಿಸುತ್ತಾರೆ, ನಾನು ಸೇರಿಸುವುದಿಲ್ಲ. ಪಕ್ಕದ ಮನೆಯವರು ಶಿರಸಿ ಕಡೆಯ ಹವ್ಯಕರು, ಮೊಟ್ಟೆ ಮುಟ್ಟುವುದಿಲ್ಲ. ಒಂದು ಕಪ್ ಗೇರುಬೀಜದ ಪುಡಿ, ಅರ್ಧ ಕಪ್ ಸಕ್ಕರೆ, ಕಾಲು ಕಪ್ ನೀರು. ಒಂದೆಳೆ ಪಾಕ ಬಂದ ಮೇಲೆ ಪುಡಿ ಹಾಕಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಮಗುಚಿ. ಹೌದು, ಇದು ಕಾಜು ಕಟ್ಲಿಯೇ! ಆಕಾರ ಮಾತ್ರ ಮೊಟ್ಟೆ. ಕೈಗೆ ತುಪ್ಪ ಸವರಿಕೊಂಡು ಬೆಚ್ಚಗಿರುವಾಗಲೇ ಮಕ್ಕಳು ಉರುಟಲಿ. ಸಿಪ್ಪೆ ಸಮೇತ ಇರುವ ಹಸಿ ಗೇರುಬೀಜ ಮಾತ್ರ ಅವರ ಕೈಗೆ ಕೊಡಬೇಡಿ, ಅದರ ಎಣ್ಣೆ ಚರ್ಮ ಸುಡುತ್ತದೆ.

ಒಂದು ತಟ್ಟೆ ಪಕ್ಕದ ಮನೆಗೆ ಮಕ್ಕಳೇ ಕೊಟ್ಟು ಬರುತ್ತಾರೆ. ತಟ್ಟೆ ಖಾಲಿ ಬರುವುದಿಲ್ಲವಲ್ಲ, ಹೋದ ವರ್ಷ ತೊಡೆದೇವು ಬಂತು, ಅವರ ಕಡೆಯ ಕಾಗದದಷ್ಟು ತೆಳು ಸಿಹಿ. ಈ ಸಲ ಈಸ್ಟರ್‌ಗೆ ಏನೇನು ಮಾಡೋಣ ಅಂತ ಕೇಳಿದರೆ ಚಿಕ್ಕವನ ಪಟ್ಟಿಯಲ್ಲಿ ಗೆರಟೆ ತೋಟದ ನಂತರ ಎರಡನೆಯದೇ ತೊಡೆದೇವು.